ಕುದುರೆಯ ಜೀನು: ಆಯ್ಕೆ ಮತ್ತು ಅಳತೆ

ಜೀನು ಎಂಬುದು ಕುದುರೆಯ ಬೆನ್ನಿನ ಮೇಲೆ ಬಿಗಿದು ಸವಾರನಿಗೆ ಆಸನವಾಗುವ ಸಾಧನ. ಮರ, ಚರ್ಮ, ಬಟ್ಟೆ, ಉಣ್ಣೆ, ಲೋಹ ಮೊದಲಾದವುಗಳಿಂದ ಇದನ್ನು ತಯಾರಿಸುತ್ತಾರೆ. ಸವಾರನನ್ನು ಬೀಳದಂತೆ ಹಿಡಿದಿಡುವುದು ಜೀನಿನ ಒಂದು ಕೆಲಸ. ಅವನ ಭಾರವನ್ನು ಕುದುರೆಯ ಬೆನ್ನೆಲುಬಿನ ಮೇಲೆ ಬೀಳದಂತೆ ತಡೆದು, ಎರಡು ಪಕ್ಕಗಳ ಸ್ನಾಯುಗಳಿಗೆ ಹಂಚುವುದು ಇನ್ನೊಂದು ಕೆಲಸ. ಮೊದಲನೆಯದನ್ನು ಸವಾರನು ಕೂತ ಕೂಡಲೇ ತಿಳಿಯುತ್ತಾನೆ. ಎರಡನೆಯದು ಕೆಟ್ಟರೆ ಅದನ್ನು ತಿಳಿಯುವುದು ಕುದುರೆ ಮಾತ್ರ. ಆದುದರಿಂದ ಜೀನನ್ನು ಆರಿಸುವಾಗ ಕುದುರೆಯ ಬೆನ್ನಿನ ಅಳತೆ ಮೊದಲು, ಸವಾರನ ಅಳತೆ ಆಮೇಲೆ ಎಂಬುದು ಸವಾರಿ ಬಲ್ಲವರ ಕ್ರಮ. ಪಂದ್ಯದ ಸವಾರಿಯಲ್ಲಿ, ಅದರಲ್ಲೂ ಅಮೆರಿಕದ ಬ್ಯಾರೆಲ್ ರೇಸಿಂಗ್‌ನಂತಹ ಬಿರುಸಿನ ತಿರುವುಗಳ ಆಟದಲ್ಲಿ, ಈ ಕ್ರಮ ತಪ್ಪಿದರೆ ಆಗುವ ಹಾನಿ ಬೇಗನೆ ಕಾಣಿಸಿಕೊಳ್ಳುತ್ತದೆ.

ಪದಗಳು

‘ಜೀನು’ ಪಾರಸಿಯಿಂದ ಬಂದ ಪದ. ಸವಾರನು ಪಾದವಿಡುವ ‘ರಿಕಾಪು’, ಬಾಯಿಗೆ ಹಾಕುವ ‘ಲಗಾಮು’ಗಳೂ ಅದೇ ದಾರಿಯಲ್ಲಿ ಬಂದವು. ಅದಕ್ಕೂ ಹಿಂದಿನ ಕನ್ನಡದಲ್ಲಿ ಜೀನಿಗೆ ‘ಪಲ್ಲಣ’ ಎಂಬ ಹೆಸರಿತ್ತು; ಅದು ಸಂಸ್ಕೃತದ ‘ಪರ್ಯಾಣ’ದ ತದ್ಭವ, ನಡುಗನ್ನಡದಲ್ಲಿ ‘ಹಲ್ಲಣ’ವಾಯಿತು. ಕುದುರೆಗೆ ಜೀನು ಹಾಕುವುದಕ್ಕೆ ‘ಹಲ್ಲಣಿಸು’ ಎಂಬ ಕ್ರಿಯಾಪದವೇ ಇತ್ತು. ‘ತಡಿ’ ಎಂಬ ಮಾತು ಹೆಚ್ಚಾಗಿ ಮೆತ್ತನೆಯ ಜೀನಿಗೂ ಹೊರೆ ಹೊರುವ ಪ್ರಾಣಿಗಳ ಬೆನ್ನಿಗೆ ಹಾಕುವ ದಪ್ಪ ಮೆತ್ತೆಗೂ ಸಲ್ಲುತ್ತದೆ. ಕುದುರೆಯ ಲಕ್ಷಣ, ರೋಗ, ಚಿಕಿತ್ಸೆಗಳನ್ನು ಕುರಿತು ಕನ್ನಡದಲ್ಲಿ ಶಾಸ್ತ್ರಗ್ರಂಥಗಳೇ ಇವೆ. ಅಭಿನವಚಂದ್ರನ ‘ಅಶ್ವವೈದ್ಯ’ ಮತ್ತು ಪದ್ಮಣಪಂಡಿತನ ‘ಹಯಸಾರಸಮುಚ್ಚಯ’ ಅವುಗಳಲ್ಲಿ ಸೇರುತ್ತವೆ.

ಯಳಂದೂರು, ಕೊಳ್ಳೇಗಾಲ, ಹನೂರು

ಇಂದು ಚಾಮರಾಜನಗರ ಜಿಲ್ಲೆಗೆ ಸೇರಿದ ಈ ಮೂರು ತಾಲ್ಲೂಕುಗಳಲ್ಲಿ ಕುದುರೆ ಸವಾರಿ ದಿನನಿತ್ಯದ ನೋಟವಲ್ಲ. ಆದರೆ ಯಳಂದೂರಿನ ಹೆಸರು ಮೈಸೂರಿನ ಅಶ್ವದಳದ ಚರಿತ್ರೆಯೊಡನೆ ಹೆಣೆದುಕೊಂಡಿದೆ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ದಿವಾನರಾದ ಪೂರ್ಣಯ್ಯನವರು ಸಿಲ್ಲೇದಾರ ಕುದುರೆದಳವನ್ನು ಕಟ್ಟಿ ಬೆಳೆಸಿದರು. ೧೮೦೩ರ ಮರಾಠಾ ಯುದ್ಧದಲ್ಲಿ ಈ ದಳ ಆರ್ಥರ್ ವೆಲ್ಲೆಸ್ಲಿಯ ಸೈನ್ಯದ ಜೊತೆಗಿತ್ತು. ೧೮೦೭ರ ಪೂರಕ ಒಪ್ಪಂದದ ಪ್ರಕಾರ ಮೈಸೂರು ಸಂಸ್ಥಾನವು ೪,೦೦೦ ಕುದುರೆ ಸವಾರರನ್ನು ಸದಾ ಸಿದ್ಧವಾಗಿಡಬೇಕಾಯಿತು. ಅದೇ ವರ್ಷ ಪೂರ್ಣಯ್ಯನವರಿಗೆ ಯಳಂದೂರು ಜಹಗೀರಾಗಿ ದೊರಕಿತು. ಪಕ್ಕದ ಕೊಳ್ಳೇಗಾಲವಾದರೋ ಆಗ ಕಂಪನಿಯ ಆಳ್ವಿಕೆಗೆ ಸೇರಿ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೂ ಮದರಾಸಿನ ಕಡೆಗೇ ಉಳಿಯಿತು.

ಸಿಲ್ಲೇದಾರ ಪದ್ಧತಿಯನ್ನು ಇಲ್ಲಿ ನೆನೆಯಲು ಕಾರಣವುಂಟು. ಈ ಪದ್ಧತಿಯಲ್ಲಿ ಕುದುರೆ ಸರ್ಕಾರದ್ದಲ್ಲ. ಸಿಲ್ಲೇದಾರನು ತನ್ನ ಕುದುರೆಯನ್ನೂ ಜೀನು ಮೊದಲಾದ ಸಾಮಗ್ರಿಯನ್ನೂ ತಾನೇ ತಂದು, ಅದರ ಲೆಕ್ಕದಲ್ಲಿ ಸಂಬಳ ಪಡೆಯುತ್ತಿದ್ದನು. ಇನ್ನೊಬ್ಬನ ಕುದುರೆಯನ್ನೇರಿ ದುಡಿಯುವವನಿಗೆ ಬಾರಗೀರನೆಂದು ಹೆಸರು. ಸಿಲ್ಲೇದಾರನ ಕುದುರೆಯ ಬೆನ್ನು ಹುಣ್ಣಾಗಿ ಅದು ಜೀನು ಹೊರಲಾರದೆ ಹೋದರೆ ಅವನ ಜೀವನೋಪಾಯಕ್ಕೇ ಕುತ್ತು. ಯುದ್ಧದ ಕಥೆಗಳಲ್ಲಿ ಕತ್ತಿ, ಈಟಿಗಳ ವರ್ಣನೆ ಬರುವಷ್ಟು ಬೆನ್ನುಹುಣ್ಣಿನ ಮಾತು ಬರುವುದಿಲ್ಲ. ಆದರೆ ಅಶ್ವದಳಗಳನ್ನು ನಡೆಸಿದವರಿಗೆ ಅದು ಶತ್ರುವಿಗಿಂತ ಹತ್ತಿರದ ಚಿಂತೆಯಾಗಿತ್ತು.

ಹನೂರು, ಮಲೆ ಮಹದೇಶ್ವರ ಬೆಟ್ಟದ ಕಡೆಯ ರೈತರಿಗೆ ಈ ವಿಷಯವನ್ನು ಬೇರೆ ಉದಾಹರಣೆಯಿಂದ ಹೇಳಿದರೆ ಬೇಗ ತಿಳಿದೀತು. ಹಳ್ಳಿಕಾರ್ ಎತ್ತುಗಳಿಗೆ ನೊಗ ಹೂಡುವಾಗ ಹೆಗಲಿಗೆ ತಾಗುವ ಜಾಗ ನುಣುಪಾಗಿದೆಯೇ, ಎರಡು ಎತ್ತುಗಳ ಎತ್ತರ ಸಮವೇ ಎಂದು ನೋಡುತ್ತಾರೆ. ಒರಟು ನೊಗ ಹೆಗಲಿಗೆ ಬಾವು ತರುತ್ತದೆ, ಬಾವು ಒಡೆದು ಹುಣ್ಣಾಗುತ್ತದೆ, ಎತ್ತು ಹೆಗಲು ಕೊಡಲು ಹಿಂಜರಿಯುತ್ತದೆ. ಅಂತಹ ಎತ್ತನ್ನು ಮೈಗಳ್ಳ ಎಂದು ಬೈದು ಬಾರುಕೋಲು ಎತ್ತುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಜೀನು ಒತ್ತುವ ಕುದುರೆಯ ಪಾಡೂ ಇದೇ. ವ್ಯತ್ಯಾಸವಿಷ್ಟೆ: ನೊಗದ ಗಾಯ ಕಣ್ಣಿಗೆ ಕಾಣುತ್ತದೆ, ಜೀನಿನ ಗಾಯ ಜೀನಿನ ಕೆಳಗೇ ಮುಚ್ಚಿರುತ್ತದೆ.

ರಚನೆ

ಜೀನಿನ ಒಳಗೆ ಗಟ್ಟಿಯಾದ ಚೌಕಟ್ಟೊಂದು ಇರುತ್ತದೆ. ಸವಾರರು ಇದನ್ನು ‘ಟ್ರೀ’ ಎನ್ನುತ್ತಾರೆ. ಮೊದಲು ಮರದಿಂದ ಮಾಡುತ್ತಿದ್ದರು, ಈಗ ಫೈಬರ್ ಗ್ಲಾಸ್ ಮತ್ತು ಇತರ ಕೃತಕ ವಸ್ತುಗಳದ್ದೂ ಸಿಗುತ್ತವೆ. ಪಾಶ್ಚಾತ್ಯ ಮಾದರಿ ಎಂದು ಕರೆಯುವ ಅಮೆರಿಕದ ಜೀನಿನಲ್ಲಿ ಈ ಚೌಕಟ್ಟಿನ ಎರಡು ಉದ್ದನೆಯ ಹಲಗೆಗಳು ಬೆನ್ನೆಲುಬಿನ ಎಡಬಲಗಳಲ್ಲಿ ಕೂರುತ್ತವೆ, ಅವು ‘ಬಾರ್’ಗಳು. ಅವುಗಳ ನಡುವಿನ ತೆರಪಿನಲ್ಲಿ ಬೆನ್ನೆಲುಬು ಯಾವುದಕ್ಕೂ ತಾಗದೆ ಹಾದುಹೋಗಬೇಕು. ಮುಂಭಾಗದಲ್ಲಿ ಈ ತೆರಪಿನ ಅಗಲಕ್ಕೆ ‘ಗಲೆಟ್’ ಎಂದು ಹೆಸರು. ಮುಂದೆ ಕೈಹಿಡಿಯಲು ಕೊಂಬು, ಹಿಂದೆ ಎತ್ತರದ ಆನಿಕೆ, ಪಕ್ಕಗಳಲ್ಲಿ ಚರ್ಮದ ಪಟ್ಟಿಯಿಂದ ಇಳಿಬಿದ್ದ ರಿಕಾಪುಗಳು, ಹೊಟ್ಟೆಯ ಕೆಳಗೆ ಬಿಗಿಯುವ ಪಟ್ಟಿ ಇವು ಉಳಿದ ಭಾಗಗಳು. ಇಂಗ್ಲಿಷ್ ಮಾದರಿಯ ಜೀನಿಗೆ ಕೊಂಬಿಲ್ಲ. ಉಣ್ಣೆ ತುಂಬಿದ ಎರಡು ಮೆತ್ತೆಗಳು ಬಾರ್‌ಗಳ ಕೆಲಸವನ್ನು ಮಾಡುತ್ತವೆ. ಉಣ್ಣೆಯನ್ನು ತೆಗೆದು, ತುಂಬಿ ಬೆನ್ನಿಗೆ ಹೊಂದಿಸಬಹುದಾದುದು ಇದರ ಅನುಕೂಲ.

ಕುದುರೆಗೆ ಹೊಂದಿಸುವುದು

ಕುದುರೆಯ ಕತ್ತು ಮುಗಿದು ಬೆನ್ನು ಆರಂಭವಾಗುವಲ್ಲಿ ಎತ್ತರದ ಏಣೊಂದು ಇರುತ್ತದೆ. ಕುದುರೆಯ ಎತ್ತರವನ್ನು ಅಳೆಯುವುದೂ ಇಲ್ಲಿಯವರೆಗೇ. ಸವಾರರು ಇದನ್ನು ‘ವಿದರ್ಸ್’ ಎನ್ನುತ್ತಾರೆ. ಈ ಲೇಖನದಲ್ಲಿ ಹೆಗಲಿನ ಏಣು ಎಂದಿದೆ. ಅದರ ಎರಡೂ ಪಕ್ಕಗಳಲ್ಲಿ ಅಗಲವಾದ ಹೆಗಲೆಲುಬುಗಳಿವೆ. ಕುದುರೆ ಮುಂಗಾಲನ್ನು ಮುಂದಕ್ಕೆ ಚಾಚಿದಾಗ ಈ ಎಲುಬಿನ ಮೇಲ್ತುದಿ ಹಿಂದಕ್ಕೆ ಸರಿಯುತ್ತದೆ. ಜೀನನ್ನು ಅದರ ಮೇಲೇ ಇಟ್ಟರೆ ಪ್ರತಿ ಹೆಜ್ಜೆಯಲ್ಲೂ ಎಲುಬು ಹಲಗೆಗೆ ಬಡಿಯುತ್ತದೆ, ಕುದುರೆ ಹೆಜ್ಜೆಯನ್ನು ಗಿಡ್ಡ ಮಾಡುತ್ತದೆ. ಆದ್ದರಿಂದ ಜೀನನ್ನು ಸ್ವಲ್ಪ ಮುಂದಕ್ಕಿಟ್ಟು, ಕೂದಲು ಬಾಗಿರುವ ದಿಕ್ಕಿನಲ್ಲಿ ಹಿಂದಕ್ಕೆ ಸರಿಸುತ್ತ, ಅದು ತಾನಾಗಿ ನಿಲ್ಲುವ ಜಾಗದಲ್ಲಿ ಬಿಡಬೇಕು. ಹಿಂದಿನ ಗಡಿಯೂ ಒಂದುಂಟು. ಕುದುರೆಗೆ ಸಾಮಾನ್ಯವಾಗಿ ೧೮ ಜೊತೆ ಪಕ್ಕೆಲುಬುಗಳಿವೆ. ಕೊನೆಯ ಪಕ್ಕೆಲುಬಿನಿಂದಾಚೆಗೆ ಸೊಂಟದ ಭಾಗ, ಅಲ್ಲಿ ಕೆಳಗಿನಿಂದ ಆಧಾರವಿಲ್ಲ. ಸವಾರನ ಭಾರ ಅಲ್ಲಿ ಬೀಳಬಾರದು. ಬೆನ್ನು ಗಿಡ್ಡವಾದ ಕುದುರೆಗೆ ಉದ್ದ ಜೀನು ಸಲ್ಲದೆಂಬುದು ಇದರಿಂದ ಸ್ಪಷ್ಟ.

ಅಗಲವನ್ನು ತಿಳಿಯಲು ಹಳೆಯದೊಂದು ಉಪಾಯವಿದೆ. ಖರ್ಚಿಲ್ಲದ್ದು, ಅಂಗಡಿಯ ಪಟ್ಟಿಗಿಂತ ನಂಬಲರ್ಹವಾದುದು. ಬಗ್ಗಿಸಿದರೆ ಬಗ್ಗಿದಂತೆಯೇ ನಿಲ್ಲುವ ದಪ್ಪ ತಂತಿಯನ್ನು ಹೆಗಲೆಲುಬಿನಿಂದ ಮೂರು ಬೆರಳು ಹಿಂದೆ ಬೆನ್ನಿನ ಮೇಲೆ ಅಡ್ಡವಾಗಿ ಇಟ್ಟು, ಮೈಗೆ ಅಂಟುವಂತೆ ಒತ್ತಬೇಕು. ಅದರ ಆಕಾರ ಕೆಡದಂತೆ ತೆಗೆದು ರಟ್ಟಿನ ಮೇಲಿಟ್ಟು ಗೆರೆ ಎಳೆದು ಕತ್ತರಿಸಿದರೆ ಬೆನ್ನಿನ ಅಚ್ಚು ಸಿಗುತ್ತದೆ. ಕುದುರೆಯನ್ನು ಅಂಗಡಿಗೆ ಕರೆದೊಯ್ಯಲಾಗದಿದ್ದರೂ ಈ ರಟ್ಟನ್ನು ಒಯ್ದು ಜೀನಿನ ಒಳಗಿಟ್ಟು ನೋಡಬಹುದು. ರಟ್ಟಿನ ಇಳಿಜಾರೂ ಜೀನಿನ ಹಲಗೆಯ ಇಳಿಜಾರೂ ಒಂದೇ ಆಗಿರಬೇಕು. ಗಲೆಟ್ ಎಷ್ಟು ಅಂಗುಲ ಎಂದು ಕೇಳಿ ಕೊಳ್ಳುವವರು ಈ ಇಳಿಜಾರನ್ನು ಮರೆಯುತ್ತಾರೆ. ಅಗಲ ಸರಿಯಿದ್ದು ಕೋನ ತಪ್ಪಿದ್ದರೆ ಹಲಗೆಯ ಅಂಚು ಮಾತ್ರ ಕೂತು ಮೈಯನ್ನು ಕೊರೆಯುತ್ತದೆ.

ತೀರ ಅಗಲವಾದ ಜೀನು ಕೆಳಕ್ಕೆ ಕುಸಿದು ಹೆಗಲಿನ ಏಣನ್ನೇ ಒತ್ತುತ್ತದೆ. ತೀರ ಕಿರಿದಾದುದು ಮುಂಭಾಗದಲ್ಲಿ ಎದ್ದು ನಿಂತು ಹೆಗಲಿನ ಹಿಂದಿನ ಸ್ನಾಯುಗಳನ್ನು ಇಕ್ಕುಳದಂತೆ ಹಿಡಿಯುತ್ತದೆ, ಸವಾರನನ್ನು ಹಿಂದಕ್ಕೆ ಜಾರಿಸುತ್ತದೆ. ಸವಾರ ಕೂತ ಮೇಲೆ ಏಣಿಗೂ ಜೀನಿಗೂ ನಡುವೆ ಎರಡು ಮೂರು ಬೆರಳು ತೂರುವಷ್ಟು ತೆರಪು ಇರಬೇಕೆಂಬುದು ರೂಢಿಯ ಅಳತೆ. ಖಾಲಿ ಜೀನಿನಲ್ಲಿ ಈ ಪರೀಕ್ಷೆ ಮಾಡಿ ತೃಪ್ತರಾಗುವುದು ತಪ್ಪು. ಭಾರ ಬಿದ್ದ ಮೇಲೆ ತೆರಪು ಕಡಿಮೆಯಾಗುತ್ತದೆ. ಇನ್ನು ಉದ್ದದ ಹೊಂದಿಕೆ. ಹಲಗೆಯು ಮುಂದೆ ಮತ್ತು ಹಿಂದೆ ಮಾತ್ರ ತಾಗಿ ನಡುವೆ ಸೇತುವೆಯಂತೆ ಟೊಳ್ಳಾಗಿದ್ದರೆ ಇಡೀ ಭಾರ ನಾಲ್ಕು ಕಡೆ ಬೀಳುತ್ತದೆ. ಅದಕ್ಕೆ ವಿರುದ್ಧವಾಗಿ ನಡುವೆ ಮಾತ್ರ ತಾಗಿದರೆ ಜೀನು ತೊಟ್ಟಿಲಿನಂತೆ ತೂಗುತ್ತದೆ. ಜೀನಿನ ಕೆಳಗೆ ಅಂಗೈ ತೂರಿಸಿ ಮುಂದಿನಿಂದ ಹಿಂದಕ್ಕೆ ಎಳೆದರೆ ಒತ್ತಡ ಎಲ್ಲಿ ಹೆಚ್ಚು, ಎಲ್ಲಿ ಇಲ್ಲ ಎಂಬುದು ಕೈಗೇ ತಿಳಿಯುತ್ತದೆ.

ದಪ್ಪ ಮೆತ್ತೆ ಹಾಕಿದರೆ ಎಲ್ಲವೂ ಸರಿಹೋಗುವುದೆಂಬ ನಂಬಿಕೆ ವ್ಯಾಪಕವಾಗಿದೆ. ಕಿರಿದಾದ ಜೀನಿನ ಕೆಳಗೆ ದಪ್ಪ ಮೆತ್ತೆ ಹಾಕುವುದು ಬಿಗಿಯಾದ ಬೂಟಿನೊಳಗೆ ಎರಡು ಜೊತೆ ಕಾಲುಚೀಲ ಹಾಕಿಕೊಂಡಂತೆ. ಸ್ವಲ್ಪ ಅಗಲವಾದ ಜೀನನ್ನು ಮೆತ್ತೆಯಿಂದ ಹೊಂದಿಸಿಕೊಳ್ಳಬಹುದು, ಕಿರಿದಾದುದನ್ನು ಆಗದು.

ಕೊನೆಯ ತೀರ್ಪು ಸವಾರಿಯದು. ಅರ್ಧ ಗಂಟೆಯಷ್ಟು ಓಡಿಸಿ ಜೀನು ಇಳಿಸಿದಾಗ ಬೆವರಿನ ಗುರುತು ಎರಡೂ ಪಕ್ಕಗಳಲ್ಲಿ ಒಂದೇ ತೆರನಾಗಿರಬೇಕು, ಬೆನ್ನೆಲುಬಿನ ಸಾಲು ಮಾತ್ರ ಒಣಗಿರಬೇಕು. ಒದ್ದೆ ಜಾಗದ ನಡುವೆ ಅಂಗೈಯಗಲದ ಒಣ ಮಚ್ಚೆ ಕಂಡರೆ ಅಲ್ಲಿ ಒತ್ತಡ ಅತಿಯಾಗಿದೆ ಎಂದು ಶಂಕಿಸಬೇಕು. ಕೆಂಪು ಅಥವಾ ಕಪ್ಪು ಕುದುರೆಯ ಬೆನ್ನಿನ ಮೇಲೆ ಬಿಳಿ ಕೂದಲಿನ ತೇಪೆಗಳಿದ್ದರೆ ಅವು ಹಳೆಯ ಒತ್ತಡದ ಗುರುತಾಗಿರುವುದೇ ಹೆಚ್ಚು. ಕೂದಲಿಗೆ ಬಣ್ಣ ಕೊಡುವ ಕಣಗಳು ಅಲ್ಲಿ ಸತ್ತಿರುತ್ತವೆ. ಹೆಗಲಿನ ಏಣಿನ ಹಿಂದೆ ಎರಡು ಪಕ್ಕಗಳಲ್ಲಿ ಗುಳಿಗಳು ಬಿದ್ದಿದ್ದರೆ ಸ್ನಾಯು ಸೊರಗಿದೆ ಎಂದು ತಿಳಿಯಬೇಕು. ಇವೆಲ್ಲಕ್ಕೂ ಮೊದಲು ಕುದುರೆ ತನ್ನ ರೀತಿಯಲ್ಲಿ ದೂರು ಹೇಳಿರುತ್ತದೆ: ಜೀನು ತರುವುದನ್ನು ಕಂಡು ಕಿವಿ ಹಿಂದಕ್ಕೆ ಮಡಿಸುವುದು, ಪಟ್ಟಿ ಬಿಗಿಯುವಾಗ ಕಚ್ಚಲು ಬರುವುದು, ಹತ್ತುವಾಗ ಬೆನ್ನು ತಗ್ಗಿಸುವುದು, ಒಂದೇ ಕಡೆಗೆ ತಿರುಗಲು ಒಲ್ಲೆನೆನ್ನುವುದು. ಇವನ್ನು ಹಟವೆಂದು ಎಣಿಸಿ ಕಡಿವಾಣವನ್ನು ಬದಲಿಸುವುದು, ಚಾಟಿ ಹಿಡಿಯುವುದು ನಡೆಯುತ್ತಲೇ ಇರುತ್ತದೆ.

ಒಮ್ಮೆ ಹೊಂದಿದ ಜೀನು ಸದಾ ಹೊಂದುತ್ತದೆಂದೂ ಇಲ್ಲ. ಮಳೆಗಾಲದ ಹಸಿ ಮೇವಿನಲ್ಲಿ ಮೈದುಂಬಿದ ಕುದುರೆ ಬೇಸಿಗೆಯ ದುಡಿತದಲ್ಲಿ ಇಳಿಯುತ್ತದೆ. ಎಳೆಯ ಕುದುರೆಯ ಬೆನ್ನು ಪಳಗಿಸುವಿಕೆಯಿಂದ ಅಗಲವಾಗುತ್ತದೆ. ಮುದಿ ಕುದುರೆಯದು ಬಾಗುತ್ತದೆ. ತಂತಿಯ ಅಚ್ಚನ್ನು ವರ್ಷಕ್ಕೆ ಎರಡು ಸಲವಾದರೂ ತೆಗೆದು ಹಿಂದಿನದರೊಡನೆ ಹೋಲಿಸುವುದು ಒಳ್ಳೆಯದು.

ಸವಾರನಿಗೆ ಹೊಂದಿಸುವುದು

ಪಾಶ್ಚಾತ್ಯ ಜೀನಿನ ಆಸನವನ್ನು ಕೊಂಬಿನ ಬುಡದಿಂದ ಹಿಂದಿನ ಆನಿಕೆಯ ನಡುವಿನವರೆಗೆ ಅಂಗುಲಗಳಲ್ಲಿ ಅಳೆಯುತ್ತಾರೆ. ಮಕ್ಕಳವು ೧೨, ೧೩ ಅಂಗುಲದವು. ದೊಡ್ಡವರಿಗೆ ಸಾಮಾನ್ಯವಾಗಿ ೧೪ರಿಂದ ೧೭. ಇಂಗ್ಲಿಷ್ ಜೀನಿನ ಅಳತೆಯ ರೀತಿ ಬೇರೆ. ಅದರ ೧೭ ಅಂಗುಲ ಪಾಶ್ಚಾತ್ಯದ ಸುಮಾರು ೧೫ಕ್ಕೆ ಸಮ. ಇದನ್ನರಿಯದೆ ಅಂಕಿ ನೋಡಿ ತರಿಸಿಕೊಂಡು ಮೋಸಹೋಗುವುದುಂಟು. ಕೂತಾಗ ತೊಡೆಗೂ ಮುಂಭಾಗದ ಉಬ್ಬಿಗೂ ನಡುವೆ ನಾಲ್ಕು ಬೆರಳಿನ ತೆರಪು ಸಾಧಾರಣ ಸವಾರಿಗೆ ಸಾಕು. ಕಾಲು ಇಳಿಬಿಟ್ಟಾಗ ರಿಕಾಪಿನ ಮೆಟ್ಟಿಲು ಹರಡಿನ ಮಟ್ಟಕ್ಕೆ ಬರಬೇಕು. ಕಿವಿ, ಭುಜ, ಸೊಂಟ, ಹಿಮ್ಮಡಿ ಇವು ಒಂದೇ ನೇರದಲ್ಲಿ ಬೀಳುವಂತೆ ರಿಕಾಪು ತೂಗಬೇಕು.

ಸವಾರನ ಹೊಂದಿಕೆ ತಪ್ಪಿದರೆ ಅದರ ಕೇಡೂ ಕುದುರೆಯ ಪಾಲಿಗೇ ಹೋಗುತ್ತದೆ. ದೊಡ್ಡ ಆಸನದಲ್ಲಿ ಸವಾರ ಹಿಂದಕ್ಕೆ ಜಾರಿ ಆನಿಕೆಯ ಮೇಲೆ ಕುಕ್ಕುತ್ತಾನೆ; ಆ ಪೆಟ್ಟು ಸೊಂಟದ ಹತ್ತಿರ ಬೀಳುತ್ತದೆ. ಚಿಕ್ಕ ಆಸನದಲ್ಲಿ ಅವನು ಎದ್ದು ನಿಂತಂತೆ ಕೂತು ಸಮತೋಲಕ್ಕಾಗಿ ಲಗಾಮನ್ನು ಜಗ್ಗುತ್ತಾನೆ. ಒಂದು ರಿಕಾಪು ಉದ್ದ, ಒಂದು ಗಿಡ್ಡವಾಗಿದ್ದರೆ ಒಂದು ಪಕ್ಕದ ಹಲಗೆಯೇ ಹೆಚ್ಚು ಒತ್ತುತ್ತದೆ. ಭಾರದ ಲೆಕ್ಕವನ್ನೂ ಇಲ್ಲಿಯೇ ಹೇಳಬೇಕು. ಸವಾರ ಮತ್ತು ಜೀನು ಎರಡೂ ಸೇರಿ ಕುದುರೆಯ ತೂಕದ ಐದನೆಯ ಒಂದು ಭಾಗವನ್ನು ಮೀರಬಾರದೆಂಬುದು ಬಹುಮಂದಿ ಒಪ್ಪಿದ ಮಿತಿ. ೪೦೦ ಕಿಲೋಗ್ರಾಂ ಕುದುರೆಗೆ ಇದು ೮೦ ಕಿಲೋಗ್ರಾಂ. ಜೀನು ೧೩ ಕಿಲೋ ಇದ್ದರೆ ಸವಾರನಿಗೆ ಉಳಿಯುವುದು ೬೭.

ಬ್ಯಾರೆಲ್ ರೇಸಿಂಗ್ ಜೀನು

ಬ್ಯಾರೆಲ್ ರೇಸಿಂಗ್ ಅಮೆರಿಕದ ರೋಡಿಯೋ ಕ್ರೀಡೆಗಳಲ್ಲಿ ಒಂದು. ತ್ರಿಕೋನಾಕಾರವಾಗಿ ಇಟ್ಟ ಮೂರು ಪೀಪಾಯಿಗಳನ್ನು ಮೂರೆಲೆಯ ಆಕಾರದಲ್ಲಿ ಸುತ್ತಿ ಬರಬೇಕು. ಕಡಿಮೆ ಸಮಯ ತೆಗೆದುಕೊಂಡವರು ಗೆದ್ದಂತೆ. ಪ್ರಮಾಣದ ಅಂಗಳದಲ್ಲಿ ಮೊದಲನೆಯ ಮತ್ತು ಎರಡನೆಯ ಪೀಪಾಯಿಗಳ ನಡುವೆ ೯೦ ಅಡಿ, ಮೂರನೆಯದಕ್ಕೆ ಅವೆರಡರಿಂದಲೂ ೧೦೫ ಅಡಿ ದೂರ. ಪೀಪಾಯಿಯನ್ನು ಉರುಳಿಸಿದರೆ ಐದು ಸೆಕೆಂಡುಗಳ ದಂಡ. ಒಳ್ಳೆಯ ಓಟ ಸುಮಾರು ೧೭ ಸೆಕೆಂಡುಗಳಲ್ಲಿ ಮುಗಿಯುತ್ತದೆ, ಗೆಲುವು ಸೋಲುಗಳು ಸೆಕೆಂಡಿನ ನೂರನೆಯ ಭಾಗದಲ್ಲಿ ತೀರ್ಮಾನವಾಗುತ್ತವೆ. ಹೆಣ್ಣುಮಕ್ಕಳೇ ಮುಂದೆ ನಿಂತು ಬೆಳೆಸಿದ ಕ್ರೀಡೆಯಿದು. ೧೯೪೮ರಲ್ಲಿ ಟೆಕ್ಸಸ್‌ನಲ್ಲಿ ಅವರು ಕಟ್ಟಿಕೊಂಡ ಗರ್ಲ್ಸ್ ರೋಡಿಯೋ ಅಸೋಸಿಯೇಷನ್ ಇಂದು ವಿಮೆನ್ಸ್ ಪ್ರೊಫೆಷನಲ್ ರೋಡಿಯೋ ಅಸೋಸಿಯೇಷನ್ ಎಂಬ ಹೆಸರಿನಲ್ಲಿದೆ.

ಪೂರ್ಣ ವೇಗದಲ್ಲಿ ಬಂದ ಕುದುರೆ ಪೀಪಾಯಿಯ ಬಳಿ ಹಿಂಗಾಲುಗಳ ಮೇಲೆ ಕುಸಿದು, ಒಳಮಗ್ಗುಲಿಗೆ ವಾಲಿ, ಮತ್ತೆ ಚಿಮ್ಮುತ್ತದೆ. ಈ ಆಟಕ್ಕೆಂದೇ ರೂಪಿಸಿದ ಜೀನಿನಲ್ಲಿ ಆಸನ ಆಳವಾಗಿರುತ್ತದೆ, ಹಿಂದಿನ ಆನಿಕೆ ಎತ್ತರ, ಕೊಂಬು ತೆಳುವಾಗಿ ಉದ್ದ. ತಿರುವಿನಲ್ಲಿ ಸವಾರಳು ಒಂದು ಕೈಯಿಂದ ಕೊಂಬನ್ನು ಒತ್ತಿ ಆಸನಕ್ಕೆ ಅಂಟಿಕೊಳ್ಳುತ್ತಾಳೆ. ಹಸುಗಳನ್ನು ಹಗ್ಗದಿಂದ ಹಿಡಿಯುವವರ ಜೀನಿನ ಕೊಂಬು ಗಿಡ್ಡ ಮತ್ತು ದಪ್ಪ, ಏಕೆಂದರೆ ಅದಕ್ಕೆ ಹಗ್ಗ ಸುತ್ತಬೇಕು. ಇಲ್ಲಿ ಅದರ ಅಗತ್ಯವಿಲ್ಲ. ಪಕ್ಕಗಳ ಚರ್ಮವನ್ನು ಗಿಡ್ಡವಾಗಿ ದುಂಡಗೆ ಕತ್ತರಿಸಿ ತೂಕವನ್ನು ಇಳಿಸಿರುತ್ತಾರೆ. ಈ ಜೀನನ್ನು ಕೊಳ್ಳುವವರು ದೈನಂದಿನ ಅಳತೆಗಿಂತ ಅರ್ಧ ಅಂಗುಲ ಚಿಕ್ಕ ಆಸನವನ್ನು ಬಯಸುವುದುಂಟು, ಆದರೆ ಎಲ್ಲರೂ ಅಲ್ಲ.

ಅಂಗಡಿಯ ಪಟ್ಟಿಯಲ್ಲಿ ‘ಸೆಮಿ ಕ್ವಾರ್ಟರ್ ಹಾರ್ಸ್’, ‘ಫುಲ್ ಕ್ವಾರ್ಟರ್ ಹಾರ್ಸ್’, ‘ಅರೇಬಿಯನ್’ ಎಂಬ ಬಾರ್‌ಗಳ ಹೆಸರುಗಳು ಕಾಣುತ್ತವೆ. ಅಮೆರಿಕನ್ ಕ್ವಾರ್ಟರ್ ಹಾರ್ಸ್ ಎಂಬ ತಳಿಯ ಬೆನ್ನು ಅಗಲ, ಮೈ ತುಂಬು. ಸೆಮಿ ಎಂದರೆ ಅದಕ್ಕಿಂತ ಕಿರಿದು, ಫುಲ್ ಎಂದರೆ ಅಗಲ. ಗಲೆಟ್ ಆರರಿಂದ ಏಳು ಅಂಗುಲದೊಳಗೆ ಬರುವುದು ಹೆಚ್ಚು. ಈ ಹೆಸರುಗಳಿಗೆ ಎಲ್ಲ ತಯಾರಕರೂ ಒಪ್ಪಿದ ಅಳತೆ ಇಲ್ಲ. ಒಬ್ಬರ ಸೆಮಿ ಇನ್ನೊಬ್ಬರ ಫುಲ್‌ಗೆ ಹತ್ತಿರವಿರಬಹುದು. ಮಾರವಾಡಿ, ಕಾಠಿಯಾವಾಡಿಯಂತಹ ನಮ್ಮ ದೇಶದ ತಳಿಗಳ ಮೈ ಕಿರಿದು. ಓಟದ ಕಣದಿಂದ ನಿವೃತ್ತವಾಗಿ ಸವಾರಿ ಶಾಲೆಗಳಿಗೆ ಬರುವ ಥರೋಬ್ರೆಡ್ ಕುದುರೆಗಳಿಗೆ ಹೆಗಲಿನ ಏಣು ಎತ್ತರ. ಕ್ವಾರ್ಟರ್ ಹಾರ್ಸ್‌ಗಾಗಿ ಮಾಡಿದ ಅಗಲದ ಜೀನು ಇವುಗಳ ಏಣಿನ ಮೇಲೇ ಕುಸಿಯುವ ಸಂಭವ ಹೆಚ್ಚು.

ತಿರುವಿನಲ್ಲಿ ಜೀನು ಪಕ್ಕಕ್ಕೆ ಹೊರಳಿದರೆ ಸವಾರಳು ನೆಲಕ್ಕೆ ಬೀಳುತ್ತಾಳೆ. ಇದನ್ನು ತಡೆಯಲು ಎದೆಪಟ್ಟಿಯನ್ನೂ ಹಿಂದಿನ ಹೊಟ್ಟೆಪಟ್ಟಿಯನ್ನೂ ಬಳಸುತ್ತಾರೆ. ಹೊಂದದ ಜೀನನ್ನು ಇನ್ನಷ್ಟು ಬಿಗಿದು ನಿಲ್ಲಿಸಲು ಯತ್ನಿಸುವವರುಂಟು. ಅದರಿಂದ ಕುದುರೆಗೆ ಉಸಿರು ಕಟ್ಟಿದಂತಾಗುತ್ತದೆ, ಹೆಗಲು ಬಿಗಿಯುತ್ತದೆ, ತಿರುವು ಅಗಲವಾಗುತ್ತದೆ. ಸವಾರಳು ಕುದುರೆಗೆ ಇನ್ನೂ ಪಾಠ ಸಾಲದೆಂದು ತಿಳಿದು ಮತ್ತೆ ಮತ್ತೆ ಸುತ್ತಿಸುತ್ತಾಳೆ, ಹುಣ್ಣು ಆಳವಾಗುತ್ತದೆ.

ಕರ್ನಾಟಕದಲ್ಲಿ

೧೮೯೨ರಲ್ಲಿ ಮೈಸೂರು ಸಂಸ್ಥಾನದ ಕುದುರೆದಳದಿಂದ ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್ ರೂಪುಗೊಂಡಿತು. ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾ ನಗರವನ್ನು ಜೋಧಪುರದ ದಳದೊಡನೆ ಸೇರಿ ಗೆದ್ದವರು ಈ ಮೈಸೂರು ಲ್ಯಾನ್ಸರ್ಸ್. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಪ್ಯಾಲೆಸ್ಟೈನಿನ ಆ ದಂಡಯಾತ್ರೆಯಲ್ಲಿ ಸವಾರ, ಶಸ್ತ್ರ, ಮೇವು, ನೀರು ಎಲ್ಲ ಸೇರಿ ಒಂದೊಂದು ಕುದುರೆಯ ಹೊರೆ ನೂರು ಕಿಲೋಗ್ರಾಂ ಮೀರುತ್ತಿತ್ತು. ಬ್ರಿಟಿಷ್ ಸೈನ್ಯದ ೧೯೧೨ರ ಯೂನಿವರ್ಸಲ್ ಪ್ಯಾಟರ್ನ್ ಎಂಬ ಜೀನಿನ ಉಕ್ಕಿನ ಕಮಾನುಗಳಿಗೆ ಪಕ್ಕದ ಹಲಗೆಗಳನ್ನು ತಿರುಗುವಂತೆ ಜೋಡಿಸಿ, ಕುದುರೆ ಇಳಿದರೂ ಮೈದುಂಬಿದರೂ ಹಲಗೆಗಳು ಬೆನ್ನಿನ ಇಳಿಜಾರಿಗೆ ಹೊಂದುವಂತೆ ಮಾಡಿದ್ದರು. ಕೆಳಗೆ ಕಂಬಳಿಯನ್ನು ಬೇಕಾದಷ್ಟು ಮಡಿಕೆ ಮಾಡಿ ಹಾಕುತ್ತಿದ್ದರು. ಸಾವಿರಾರು ಕುದುರೆಗಳಿಗೆ ಒಂದೇ ಮಾದರಿ ಕೊಡಬೇಕಾದಾಗ ಕಂಡುಕೊಂಡ ದಾರಿಯಿದು.

ಸ್ವಾತಂತ್ರ್ಯಾನಂತರ ಲ್ಯಾನ್ಸರ್ಸ್ ದಳ ಭಾರತ ಸೇನೆಯ ೬೧ನೆಯ ಅಶ್ವದಳದಲ್ಲಿ ಲೀನವಾಯಿತು. ಮೈಸೂರಿನಲ್ಲಿ ರಾಜ್ಯ ಪೊಲೀಸ್ ಇಲಾಖೆಯ ಅಶ್ವಾರೋಹಿ ದಳವಿದ್ದು ದಸರಾ ಮೆರವಣಿಗೆಯಲ್ಲಿ ಪಾಲ್ಗೊಳ್ಳುತ್ತದೆ. ಬ್ಯಾರೆಲ್ ರೇಸಿಂಗ್ ಇಲ್ಲಿ ಬೇರೂರಿದ ಆಟವಲ್ಲ. ಅದಕ್ಕೆ ಹತ್ತಿರವಾದುದು, ಓಡುವ ಕುದುರೆಯ ಮೇಲಿಂದ ನೆಲದ ಗೂಟವನ್ನು ಈಟಿಯಿಂದ ಎತ್ತುವ ಟೆಂಟ್ ಪೆಗ್ಗಿಂಗ್. ಅದರಲ್ಲೂ ಸವಾರ ಪಕ್ಕಕ್ಕೆ ಬಾಗುವುದರಿಂದ ಹೊರಳದ ಜೀನು ಬೇಕು. ಬೆಂಗಳೂರಿನ ಫವಾದ್ ಮಿರ್ಜಾ ೨೦೧೮ರ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದ ಈವೆಂಟಿಂಗ್ ಸ್ಪರ್ಧೆಯಲ್ಲಿ ಒಂದೇ ಕುದುರೆ ಡ್ರೆಸಾಜ್, ಕ್ರಾಸ್ ಕಂಟ್ರಿ, ಜಿಗಿತ ಎಂಬ ಮೂರು ಹಂತಗಳನ್ನು ಮುಗಿಸಬೇಕು. ಡ್ರೆಸಾಜ್‌ಗೆ ಕಾಲು ನೇರ ಇಳಿಯುವ ಜೀನು, ಜಿಗಿತಕ್ಕೆ ಮೊಣಕಾಲು ಮುಂದಕ್ಕೆ ಬರುವ ಜೀನು. ಸವಾರನಿಗಾಗಿ ಆಸನ ಬದಲಾಗುತ್ತದೆ. ಬೆನ್ನು ಅದೇ ಆದುದರಿಂದ ಎರಡೂ ಜೀನುಗಳು ಅದಕ್ಕೆ ಹೊಂದಲೇಬೇಕು.

ಕೊಳ್ಳುವಾಗ

ಭಾರತದಲ್ಲಿ ಜೀನು ತಯಾರಿಕೆಗೆ ಹೆಸರಾದ ಊರು ಕಾನ್ಪುರ. ಹತ್ತೊಂಬತ್ತನೆಯ ಶತಮಾನದ ಅರವತ್ತರ ದಶಕದಲ್ಲಿ ಸೈನ್ಯಕ್ಕಾಗಿ ಅಲ್ಲಿ ಕಾರ್ಖಾನೆ ಆರಂಭವಾಯಿತು. ಕಾನ್ಪುರದ ಜೀನಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ, ಅಲ್ಲಿಂದ ಪಾಶ್ಚಾತ್ಯ ಮಾದರಿಯವೂ ಹೊರದೇಶಗಳಿಗೆ ಹೋಗುತ್ತವೆ. ಹಳೆಯ ಜೀನನ್ನು ಕೊಳ್ಳುವವರು ಅದನ್ನು ಮಗುಚಿ ಒಳಗಿನ ಉಣ್ಣೆ ಗಂಟುಕಟ್ಟಿದೆಯೇ, ಮೊಳೆ ಎದ್ದಿದೆಯೇ ಎಂದು ಕೈಯಾಡಿಸಿ ನೋಡಬೇಕು. ಕೊಂಬನ್ನೂ ಹಿಂದಿನ ಆನಿಕೆಯನ್ನೂ ಹಿಡಿದು ಎರಡು ಕಡೆಯಿಂದ ಅದುಮಿದಾಗ ಬಗ್ಗಿದರೆ ಅಥವಾ ಕಿರುಗುಟ್ಟಿದರೆ ಒಳಗಿನ ಚೌಕಟ್ಟು ಮುರಿದಿರಬಹುದು; ಬಗ್ಗುವಂತೆಯೇ ಮಾಡಿದ ಚೌಕಟ್ಟುಗಳೂ ಇರುವುದರಿಂದ ಯಾವುದೆಂದು ಮೊದಲು ಕೇಳಿಕೊಳ್ಳಬೇಕು. ಮುರಿದ ಚೌಕಟ್ಟಿಗೆ ಹೊಸ ಚರ್ಮ ಹೊದಿಸಿ ಮಾರುವುದುಂಟು. ಹಿಂದಿನಿಂದ ನಿಂತು ನೋಡಿದಾಗ ಎರಡು ಪಕ್ಕಗಳು ಸಮವಾಗಿ ಕಾಣದಿದ್ದರೆ ಎಷ್ಟು ಅಗ್ಗವಾದರೂ ಬಿಡಬೇಕು. ಕುದುರೆಯ ಮೇಲೆ ಹಾಕಿ ಸವಾರಿ ಮಾಡಿ ನೋಡಲು ಒಂದೆರಡು ದಿನದ ಅವಕಾಶವನ್ನು ಕೊಡುವ ವ್ಯಾಪಾರಿಯಿಂದ ಕೊಳ್ಳುವುದು ಲೇಸು. ಆ ದಿನಗಳಲ್ಲಿ ಜೀನಿನ ಕೆಳಗೆ ಒಗೆದ ಬಿಳಿ ಬಟ್ಟೆಯನ್ನು ಹಾಸಿದರೆ ಬೆವರು, ಕೊಳೆಗಳ ಗುರುತು ಅದರ ಮೇಲೆ ಅಚ್ಚಾಗುತ್ತದೆ. ಜೀನನ್ನು ಹಿಂದಿರುಗಿಸಬೇಕಾದರೆ ಆ ಬಟ್ಟೆಯನ್ನೇ ವ್ಯಾಪಾರಿಗೆ ತೋರಿಸಬಹುದು.